ಸತ್ತವರ ನಾಡಿನ ಬುದ್ಧಿಮಾತು: ಒಡಿಸ್ಸಿಯ 11ನೇ ಸಂಧಿಯನ್ನು ಗುಂಪಿನಲ್ಲಿ ಓದುವ ಬಗೆ

ಹೋಮರನ ಒಡಿಸ್ಸಿಯ 11ನೇ ಭಾಗವನ್ನು ಓದಲು ಕೂರುವ ಗುಂಪುಗಳು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಟ್ರಾಯ್ ಯುದ್ಧ ಮುಗಿಸಿ ತನ್ನ ಊರು ಇಥಾಕಾಕ್ಕೆ ಮರಳುತ್ತಿರುವ ಒಡಿಸಿಯಸ್, ಮುಂದಿನ ದಾರಿ ಕೇಳಲು ಸತ್ತವರ ನಾಡಿಗೆ ಹೋಗುವ ಭಾಗ ಅದು. ಅವನು ಕೇಳಬೇಕಾದ ಕುರುಡ ಕಾಲಜ್ಞಾನಿ ಟೈರೀಸಿಯಸ್ ಬರುವುದು 90ನೇ ಸಾಲಿಗೆ. ಅವನು ಹೇಳುವ ಭವಿಷ್ಯ 100ರಿಂದ 137ರವರೆಗೆ, 38 ಸಾಲು. ಅಷ್ಟನ್ನೇ ಓದಿ, ಯಾವುದು ನಿಜವಾಯಿತು ಯಾವುದು ಆಗಲಿಲ್ಲ ಎಂದು ಮಾತಿಗೆ ಕೂತರೆ ಅರ್ಧ ಗಂಟೆಗೆ ಎಲ್ಲ ಮುಗಿಯುತ್ತದೆ, ಕೈಗೆ ಏನೂ ಹತ್ತುವುದಿಲ್ಲ. ಆ 38 ಸಾಲಿನ ಬೇರು 9ನೇ ಭಾಗದಲ್ಲಿದೆ, ಕಾಂಡ 12ರಲ್ಲಿದೆ, ತುದಿ ಕಾವ್ಯದ ಆಚೆಗೆ ಚಾಚಿದೆ. ಆದ್ದರಿಂದ ಓದನ್ನು ಆರು ಭಾನುವಾರಗಳಿಗೆ ಹಂಚಿಕೊಳ್ಳಿ, ಪ್ರತಿ ಸಲ ಒಂದೂವರೆ ಗಂಟೆ. ಒಡಿಸ್ಸಿಯ 24 ಭಾಗಗಳನ್ನು ಇಲ್ಲಿ ಸಂಧಿ ಎಂದು ಕರೆದಿದ್ದೇವೆ. ಕುಮಾರವ್ಯಾಸನನ್ನು ಕೇಳಿ ಬೆಳೆದವರಿಗೆ ಆ ಮಾತು ಹತ್ತಿರದ್ದು.

ಹಾಸನದ ಕಡೆ ಇದಕ್ಕೆ ಒಗ್ಗುವ ಕಾಲ ಭಾದ್ರಪದದ ಕೊನೆ. ಆಷಾಢ, ಶ್ರಾವಣದಲ್ಲಿ ಸಕಲೇಶಪುರದ ಮಗ್ಗುಲಿನ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದವರ ದನಿಯೂ ಕೇಳದು. ಡಿಸೆಂಬರ್ ಹಿಡಿದು ಕಾಫಿ ಕೊಯ್ಲಿನವರಿಗೆ ಪುರುಸೊತ್ತಿಲ್ಲ, ರಾಗಿ ಕಣದವರಿಗೂ ಇಲ್ಲ. ಪಿತೃಪಕ್ಷದ ಹೊತ್ತಿಗೆ ಶುರುಮಾಡಿದರೆ ಹಿರಿಯರಿಗೆ ಎಡೆ ಇಟ್ಟ ನೆನಪು ಹಸಿಯಾಗಿರುತ್ತದೆ. ಈ ಓದಿಗೆ ಆ ನೆನಪು ಬೇಕೇಬೇಕು. ಮಹಾಲಯ ಅಮಾವಾಸ್ಯೆಯ ದಿನವೇ ಇಟ್ಟುಕೊಳ್ಳಬೇಡಿ. ಅಂದು ಎಲ್ಲರೂ ಅವರವರ ಮನೆಯಲ್ಲಿ ಇರಬೇಕಾದವರು.

ಎಂಟರಿಂದ ಹನ್ನೆರಡು ಜನ ಸಾಕು. ಸಾಲಿನ ಸಂಖ್ಯೆ ಇರುವ ಎರಡು ಬೇರೆ ಬೇರೆ ಅನುವಾದ ಬೇಕು. ಒಂದೇ ಇದ್ದರೆ ಅನುವಾದಕರು ಸೇರಿಸಿದ್ದು ಯಾವುದು, ಹೋಮರ ಹೇಳಿದ್ದು ಯಾವುದು ಎಂಬುದು ತಿಳಿಯುವುದಿಲ್ಲ. ಗದ್ಯಾನುವಾದದಲ್ಲಿ ಸಂಖ್ಯೆ ಇಲ್ಲದಿದ್ದರೆ ಪೆನ್ಸಿಲ್ಲಿನಲ್ಲಿ ನೀವೇ ಗುರುತು ಹಾಕಿಕೊಳ್ಳಿ. ಅಡ್ಡಗೀಟಿನ ಒಂದು ನೋಟ್‌ಬುಕ್, ಸೀಮೆಸುಣ್ಣ, ಉದ್ದ ಹಿಡಿಯ ಒಂದು ಮರದ ಸಲಿಕೆ. ಸಲಿಕೆ ಯಾಕೆಂಬುದು ಆರನೇ ಭಾನುವಾರ ಗೊತ್ತಾಗುತ್ತದೆ.

ಗಮಕದಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಆ ಕ್ರಮ ಇಲ್ಲಿಯೂ ಚೆನ್ನ. ಒಂದೇ ಎಚ್ಚರಿಕೆ, ಪದ್ಯಕ್ಕೊಮ್ಮೆ ನಿಲ್ಲಿಸಿ ಅರ್ಥ ಹೇಳುವ ರೂಢಿಯನ್ನು ಇಲ್ಲಿಗೆ ತರಬೇಡಿ. ಸತ್ತವರು ಆಡುವ ಒಂದೊಂದು ಮಾತೂ ಒಂದೇ ಉಸಿರಿನ ಕಟ್ಟಡ, ನಡುವೆ ಕೈಯಿಟ್ಟರೆ ಕುಸಿಯುತ್ತದೆ. ಮಾತು ಮುಗಿಯಲಿ, ಆಮೇಲೆ ವ್ಯಾಖ್ಯಾನ.

ಮೊದಲು ತೀರ್ಮಾನಿಸಬೇಕಾದ ಪದಗಳು

ಹೇಡಿಸ್ ಎಂಬುದಕ್ಕೆ ‘ನರಕ’ ಎಂದರೆ ಕೆಲಸ ಕೆಟ್ಟಿತು. ಒಳ್ಳೆಯವರು ಕೆಟ್ಟವರು ಎನ್ನದೆ ಎಲ್ಲರೂ ಸೇರುವ ಜಾಗ ಅದು. ‘ಯಮಲೋಕ’ ಎಂದರೆ ಚಿತ್ರಗುಪ್ತನ ಲೆಕ್ಕ ನೆನಪಿಗೆ ಬರುತ್ತದೆ. 568ನೇ ಸಾಲಿನ ಹತ್ತಿರ ಮಿನೋಸ್ ನ್ಯಾಯ ಹೇಳುತ್ತ ಕೂತಿರುವುದು ನಿಜವೇ, ಆದರೆ ಅವನು ಬಗೆಹರಿಸುವುದು ಸತ್ತವರು ತಮ್ಮತಮ್ಮಲ್ಲಿ ತರುವ ವ್ಯಾಜ್ಯಗಳನ್ನು. ‘ಪಾತಾಳ’ ಎಂದರೆ ನಾಗರು, ಬಲಿ ಚಕ್ರವರ್ತಿ. ಗ್ರೀಕಿನಲ್ಲಿರುವಂತೆಯೇ ‘ಹೇಡಿಸನ ಮನೆ’ ಎನ್ನುವುದು ಎಲ್ಲಕ್ಕಿಂತ ಸರಿ. ಸತ್ತವರನ್ನು ‘ಆತ್ಮ’ ಎಂದೂ ಕರೆಯಬೇಡಿ. ನಮ್ಮ ಆತ್ಮ ಅಳಿಯದ್ದು, ಅರಿವುಳ್ಳದ್ದು. ಹೋಮರನ ಸತ್ತವರಲ್ಲಿ, ಟೈರೀಸಿಯಸನೊಬ್ಬನ ಹೊರತು, ಅರಿವೇ ಉಳಿದಿಲ್ಲ. 10ನೇ ಸಂಧಿಯ 495ನೇ ಸಾಲು ಅವರನ್ನು ಅತ್ತಿತ್ತ ಸುಳಿಯುವ ನೆರಳುಗಳು ಎನ್ನುತ್ತದೆ. ‘ನೆರಳು’ ಎಂಬುದನ್ನೇ ಹಿಡಿಯಿರಿ. ಹೆಸರುಗಳ ಉಚ್ಚಾರಕ್ಕೆ ಜಗಳ ಬೇಡ. ಸರ್ಸಿ ಎನ್ನಿ, ಕಿರ್ಕೆ ಎನ್ನಿ, ಆರೂ ವಾರ ಒಂದೇ ಇರಲಿ.

ಮೊದಲ ಭಾನುವಾರ: ಶಾಪ ಮತ್ತು ಸೂಚನೆ

9ನೇ ಸಂಧಿಯ 502ರಿಂದ 536ರವರೆಗೆ ಓದಿ. ಒಕ್ಕಣ್ಣ ಪಾಲಿಫೀಮಸನ ಕಣ್ಣು ಇರಿದು ಹೊರಟ ಒಡಿಸಿಯಸ್, ಹಡಗಿನಿಂದ ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲ ಕೂಗಿ ಹೇಳುತ್ತಾನೆ. ಪಾಲಿಫೀಮಸ್ ತನ್ನ ತಂದೆ, ಕಡಲ ದೇವರು ಪೊಸೈಡನನಿಗೆ ಕೈಯೆತ್ತಿ ಬೇಡುತ್ತಾನೆ: ಇವನು ಮನೆ ಸೇರದಿರಲಿ, ಸೇರುವುದೇ ಹಣೆಯಲ್ಲಿದ್ದರೆ ತಡವಾಗಿ, ಕೆಟ್ಟ ಸ್ಥಿತಿಯಲ್ಲಿ, ಸಂಗಡಿಗರನ್ನೆಲ್ಲ ಕಳೆದುಕೊಂಡು, ಬೇರೆಯವರ ಹಡಗಿನಲ್ಲಿ ಸೇರಲಿ, ಮನೆಯಲ್ಲೂ ಸಂಕಟ ಕಾದಿರಲಿ. 534 ಮತ್ತು 535ನೇ ಸಾಲುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮೂರನೇ ವಾರ ಬೇಕಾಗುತ್ತವೆ.

ಆಮೇಲೆ 10ನೇ ಸಂಧಿಯ 487ರಿಂದ 540. ಮಾಟ ಬಲ್ಲ ದೇವತೆ ಸರ್ಸಿ ಸತ್ತವರ ನಾಡಿಗೆ ದಾರಿ ಹೇಳುತ್ತಾಳೆ: ಹಾಯಿ ಬಿಚ್ಚಿ ಸುಮ್ಮನೆ ಕೂತರೆ ಬಡಗಣ ಗಾಳಿಯೇ ಒಯ್ಯುತ್ತದೆ, ಓಷಿಯಾನಸ್ ಎಂಬ ಮಹಾನದಿ ದಾಟಿದರೆ ಸತ್ತವರ ರಾಣಿ ಪರ್ಸೆಫೊನೆಯ ತೋಪು, ಅದರಾಚೆ ಪಿರಿಫ್ಲೆಗೆಥಾನ್ ಮತ್ತು ಕೊಕೈಟಸ್ ನದಿಗಳು ಆಕೆರಾನಿಗೆ ಸೇರುವ ಕಡೆ ಒಂದು ಬಂಡೆ. ಕಡೆಯ ಎರಡು ಸಾಲು, 539 ಮತ್ತು 540, ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಟೈರೀಸಿಯಸ್ ನಿನಗೆ ದಾರಿಯನ್ನೂ ಪಯಣದ ಅಳತೆಯನ್ನೂ ಮೀನಿನ ಕಡಲ ಮೇಲೆ ಮರಳುವ ಬಗೆಯನ್ನೂ ಹೇಳುತ್ತಾನೆ, ಎನ್ನುತ್ತಾಳೆ. ಅವನು ನಿಜಕ್ಕೂ ಹೇಳುವುದೇ ಬೇರೆ.

ಎರಡನೇ ಭಾನುವಾರ: ಗುಂಡಿ

11ನೇ ಸಂಧಿಯ 1ರಿಂದ 89. ಕಣ್ಣಿಗೆ ಕಾಣುವಂತೆ ಓದಬೇಕಾದ ಭಾಗ ಇದು. ಗುಂಡಿಯ ಅಳತೆ ಗ್ರೀಕಿನಲ್ಲಿ ಒಂದು ‘ಪೈಗಾನ್’, ಉದ್ದಕ್ಕೂ ಅಗಲಕ್ಕೂ ಅಷ್ಟೇ. ಅನೇಕರು ಮೊಳ ಎಂದುಬಿಡುತ್ತಾರೆ. ನಮ್ಮ ಮೊಳ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಪೈಗಾನ್ ಮೊಣಕೈಯಿಂದ ಬೆರಳ ಬುಡದ ಗೆಣ್ಣಿನವರೆಗೆ, ಸುಮಾರು 38 ಸೆಂಟಿಮೀಟರ್. ಸೀಮೆಸುಣ್ಣದಲ್ಲಿ ನೆಲದ ಮೇಲೆ ಆ ಚೌಕ ಬರೆಯಿರಿ. ಅಗೆಯುವುದು, ಸುರಿಯುವುದು ಏನೂ ಬೇಡ, ಗೀಟು ಸಾಕು. ಚೌಕ ಎಷ್ಟು ಚಿಕ್ಕದೆಂದು ಕಂಡಾಗ ಮಾತ್ರ ಅರ್ಥವಾಗುತ್ತದೆ: ಸತ್ತವರ ಇಡೀ ಜಗತ್ತು ಮುತ್ತಿಕೊಳ್ಳುವುದು ಒಂದು ಬುಟ್ಟಿಯ ಬಾಯಿಯಷ್ಟು ಜಾಗಕ್ಕೆ, ಒಬ್ಬನು ಕತ್ತಿ ಹಿಡಿದು ಅಲ್ಲಿ ಕೂತಿದ್ದಾನೆ.

ಎರೆಯುವ ಕ್ರಮ ಹೀಗೆ: ಮೊದಲು ಜೇನು ಬೆರೆಸಿದ ಹಾಲು, ಎರಡನೆಯದು ಸಿಹಿ ದ್ರಾಕ್ಷಾರಸದ ಮದ್ಯ, ಮೂರನೆಯದು ನೀರು, ಮೇಲೆ ಬಿಳಿ ಜವೆಗೋಧಿ ಹಿಟ್ಟು. ಆಮೇಲೆ ಹರಕೆ. ಇಥಾಕಾ ಸೇರಿದ ಮೇಲೆ ಸತ್ತವರೆಲ್ಲರಿಗೆ ಈಯದ ಒಂದು ಹಸು, ಟೈರೀಸಿಯಸನಿಗೆ ಬೇರೆಯಾಗಿ ಅಚ್ಚ ಕಪ್ಪು ಟಗರು. ಕಡೆಗೆ ಒಂದು ಟಗರು, ಒಂದು ಕಪ್ಪು ಕುರಿ. ಅವುಗಳ ಮುಖ ಕತ್ತಲೆಯ ಕಡೆಗೆ, ಕೊಯ್ಯುವವನ ಮುಖ ನದಿಯ ಕಡೆಗೆ ತಿರುಗಿರಬೇಕೆಂದು ಸರ್ಸಿ ಹೇಳಿದ್ದಳು. ಮಸಣದಿಂದ ಬರುವಾಗ ಹಿಂದಿರುಗಿ ನೋಡಬಾರದು ಎಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಿ, ಯಾಕೆಂದರೆ ಮುಂದಿನದರಲ್ಲಿ ವ್ಯತ್ಯಾಸವೇ ದೊಡ್ಡದು. ನಾವು ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಬರುತ್ತೇವೆ. ಬಂದವರು ಬರಲಿ, ಉಂಡು ಹೋಗಲಿ. ಅಲ್ಲಿ ಸತ್ತವರು ಮಾತಾಡುವುದು ಗುಂಡಿಗೆ ಹರಿದ ರಕ್ತ ಕುಡಿದ ಮೇಲೆ. ಒಡಿಸಿಯಸ್ ಎಡೆಯ ಮುಂದೆಯೇ ಕತ್ತಿ ಹಿರಿದು ಕೂರುತ್ತಾನೆ, ಯಾರು ಮೊದಲು ಎಂದು ಅವನೇ ತೀರ್ಮಾನಿಸುತ್ತಾನೆ. 84ನೇ ಸಾಲಿಗೆ ಅವನ ತಾಯಿ ಆಂಟಿಕ್ಲಿಯಾ ಬರುತ್ತಾಳೆ. ಟ್ರಾಯಿಗೆ ಹೊರಟಾಗ ಬದುಕಿದ್ದವಳು. ಸತ್ತಿದ್ದಾಳೆಂದು ಅವನಿಗೆ ತಿಳಿಯುವುದೇ ಆಗ. ಅಳುತ್ತಾನೆ, ಆದರೂ ಟೈರೀಸಿಯಸನನ್ನು ಕೇಳುವವರೆಗೆ ಹೆತ್ತವಳನ್ನೂ ರಕ್ತದ ಹತ್ತಿರ ಬಿಡುವುದಿಲ್ಲ. 89ನೇ ಸಾಲಿನ ನಂತರ ಓದು ನಿಲ್ಲಿಸಿ, ಆ ದಿನ ಮುಂದಕ್ಕೆ ಹೋಗಬೇಡಿ. ತಾಯಿ ಕಾಯುತ್ತಿದ್ದಾಳೆ ಎಂಬ ಭಾರ ಒಂದು ವಾರ ಮನಸ್ಸಿನಲ್ಲಿರಲಿ.

ತಾಯಿಗಿಂತ ಮುಂಚೆ ಬರುವ ಸಂಗಡಿಗ ಎಲ್ಪೆನೋರನನ್ನು ಮರೆಯಬಾರದು. ಸರ್ಸಿಯ ಮನೆಯ ಮಾಡಿನಿಂದ ಕುಡಿದ ಮತ್ತಿನಲ್ಲಿ ಬಿದ್ದು ಸತ್ತವನು, ಹೆಣ ಅಲ್ಲೇ ಬಿದ್ದಿದೆ. ಸಂಸ್ಕಾರವಾಗದ್ದರಿಂದಲೋ ಏನೋ, ಅವನು ರಕ್ತ ಕುಡಿಯದೆಯೇ ಮಾತಾಡುತ್ತಾನೆ. ನನ್ನನ್ನು ಸುಡಿ, ಕಡಲ ದಡದಲ್ಲಿ ದಿಬ್ಬ ಹಾಕಿ, ನಾನು ಬದುಕಿದ್ದಾಗ ಹಾಕುತ್ತಿದ್ದ ಹುಟ್ಟನ್ನು ಅದರ ಮೇಲೆ ನೆಡಿ ಎಂದು ಬೇಡುತ್ತಾನೆ. ನೆಲದಲ್ಲಿ ನೆಟ್ಟ ಹುಟ್ಟು ಈ ಕಥೆಯಲ್ಲಿ ಎರಡು ಸಲ ಬರುತ್ತದೆ, ಇದು ಮೊದಲನೆಯದು.

ಮೂರನೇ ಭಾನುವಾರ: 38 ಸಾಲು, ಒಂಬತ್ತು ಮನೆ

90ರಿಂದ 151ರವರೆಗೆ ಎರಡು ಸಲ ಓದಿ, ಒಂದೊಂದು ಸಲಕ್ಕೆ ಒಂದೊಂದು ಅನುವಾದ. ಆಮೇಲೆ ನೋಟ್‌ಬುಕ್ಕಿನಲ್ಲಿ ಖಾತೆ ಬರೆಯಿರಿ. ನಾಲ್ಕು ಕಾಲಮ್ಮು: ಮಾತು, ಸಾಲು, ಷರತ್ತು ಇದೆಯೇ, ಎಲ್ಲಿ ತೀರಿತು. ಒಂಬತ್ತು ಅಡ್ಡ ಮನೆ ಬರುತ್ತವೆ. ಪೊಸೈಡನನ ಸಿಟ್ಟು, 101ರಿಂದ 103. ನಿನ್ನ ಮನಸ್ಸನ್ನೂ ಸಂಗಡಿಗರ ಮನಸ್ಸನ್ನೂ ತಡೆಹಿಡಿದರೆ ಕಷ್ಟಪಟ್ಟಾದರೂ ಸೇರಬಹುದು, 104ರಿಂದ 109. ಥ್ರಿನಾಕಿಯಾ ದ್ವೀಪದಲ್ಲಿ ಸೂರ್ಯ ಹೀಲಿಯೋಸನ ದನಕುರಿಗಳನ್ನು ಮುಟ್ಟದಿದ್ದರೆ ಇಥಾಕಾ, 110 ಮತ್ತು 111. ಮುಟ್ಟಿದರೆ ಹಡಗಿಗೂ ಸಂಗಡಿಗರಿಗೂ ನಾಶ, 112 ಮತ್ತು 113. ನೀನೊಬ್ಬ ಉಳಿದರೂ ತಡವಾಗಿ, ಬೇರೆಯವರ ಹಡಗಿನಲ್ಲಿ, 113ರಿಂದ 115. ಮನೆಯಲ್ಲಿ ನಿನ್ನ ಆಸ್ತಿ ತಿನ್ನುತ್ತ ಹೆಂಡತಿಯನ್ನು ಕೇಳುವ ಸೊಕ್ಕಿನವರು, ಅವರ ಮೇಲೆ ಸೇಡು, 115ರಿಂದ 120. ಹುಟ್ಟು ಹೊತ್ತು ನಡೆಯುವ ಪಯಣ, 121ರಿಂದ 131. ಮರಳಿ ಬಂದು ದೇವರಿಗೆಲ್ಲ ಸಲ್ಲಿಸುವ ಬಲಿ, 132ರಿಂದ 134. ಸಾವು, 134ರಿಂದ 137.

ಇಲ್ಲಿ ಆಗುವ ತಪ್ಪು ಎಂದರೆ ಎಲ್ಲವನ್ನೂ ‘ಹೀಗಾಗುತ್ತದೆ’ ಎಂದು ಓದಿಬಿಡುವುದು. ಕಣಿ ಕೇಳಿ ರೂಢಿಯಾದ ಕಿವಿ ಹಾಗೆ ಕೇಳಿಸಿಕೊಳ್ಳುತ್ತದೆ. ಗ್ರೀಕಿನಲ್ಲಿ 105, 110, 112ನೇ ಸಾಲುಗಳು ‘ಆದರೆ’ ಎಂಬ ಷರತ್ತಿನಿಂದ ಕಟ್ಟಿದವು. ಕನ್ನಡದಲ್ಲಿ ‘ತಡೆದರೆ’, ‘ಬಿಟ್ಟರೆ’, ‘ಮುಟ್ಟಿದರೆ’ ಎಂದು ಆ ‘ರೆ’ ಕಿವಿಗೆ ಬಡಿಯುವಂತೆ ಓದಬೇಕು. ಭವಿಷ್ಯದ ಖಚಿತ ದನಿ ಬರುವುದು ಆಮೇಲೆ. ಈಗ ಮೊದಲ ಪುಟಕ್ಕೆ ತಿರುಗಿ, ಪಾಲಿಫೀಮಸನ ಎರಡು ಸಾಲಿನ ಪಕ್ಕ 114 ಮತ್ತು 115ನ್ನು ಇಟ್ಟು ನೋಡಿ. ಹೆಚ್ಚು ಕಡಿಮೆ ಅವೇ ಪದಗಳು. ಕುರುಡಾದವನ ಶಾಪ ಕುರುಡ ಕಾಲಜ್ಞಾನಿಯ ಬಾಯಲ್ಲಿ ಮರಳಿ ಬಂದಿದೆ, ಷರತ್ತಿನ ತಪ್ಪು ಕವಲಿನ ತುದಿಯಲ್ಲಿ ಕೂತಿದೆ.

ಎರಡನೇ ತೊಡಕು ದಾರಿಯದು. ಒಂಬತ್ತು ಮನೆಯಲ್ಲಿ ದಾರಿ ಎಲ್ಲಿದೆ ಎಂದು ಯಾರಾದರೂ ಕೇಳಲೇಬೇಕು. ಎಲ್ಲೂ ಇಲ್ಲ. ಸೈರೆನ್ನರು, ಸಿಲ್ಲಾ, ಕರಿಬ್ಡಿಸ್, ದಾರಿಯ ಈ ಅಪಾಯಗಳನ್ನೆಲ್ಲ ಸರ್ಸಿಯೇ 12ನೇ ಸಂಧಿಯಲ್ಲಿ ಹೇಳುತ್ತಾಳೆ. ಎರಡು ಬೇರೆ ಕಥೆಗಳನ್ನು ಹೊಲಿದ ಗುರುತು ಇದು ಎಂದು ವಿದ್ವಾಂಸರು ಬಹುಕಾಲದಿಂದ ವಾದಿಸಿದ್ದಾರೆ. ಹೊಲಿಗೆ ಇರಲೂಬಹುದು. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಟೈರೀಸಿಯಸ್ ದಾರಿಯ ಬದಲು ಕೊಟ್ಟದ್ದು ಏನೆಂಬುದು. ‘ತಡೆಹಿಡಿ’ ಎಂಬ ಒಂದು ಕ್ರಿಯಾಪದ. ಅದನ್ನು ಅವನು ಹೇಳುವುದು ತಾಯಿಯನ್ನು ಕಣ್ಣೀರಿಟ್ಟುಕೊಂಡೇ ತಡೆಹಿಡಿದ ಮಗನಿಗೆ. ತನ್ನ ಮನಸ್ಸನ್ನು ತಡೆಯುವುದು ಒಡಿಸಿಯಸನಿಗೆ ಬರುತ್ತದೆ, ಕೆಲವೇ ಸಾಲಿನ ಹಿಂದೆ ಅದು ಕಂಡಿದೆ. ಸಂಗಡಿಗರದು ಉಳಿದಿದೆ. 105ನೇ ಸಾಲಿನಲ್ಲಿ ಎರಡೂ ಇವೆ. ಖಾತೆಯಲ್ಲಿ ಇದನ್ನು ಎರಡಾಗಿ ಒಡೆದು ಬರೆಯಿರಿ.

ನಾಲ್ಕನೆಯದು: ತಾಯಿ

152ರಿಂದ 224 ನಿಧಾನವಾಗಿ, ಅಲ್ಲಿಂದ 332ರವರೆಗಿನ ಸ್ತ್ರೀಯರ ಸಾಲನ್ನು ಒಬ್ಬರೇ ಬೇಗ ಓದಿ ಮುಗಿಸಲಿ. 333ನೇ ಸಾಲಿಗೆ ಒಡಿಸಿಯಸ್ ನಿಲ್ಲಿಸುತ್ತಾನೆ, ಇದುವರೆಗೆ ಅವನ ಬಾಯಿಂದಲೇ ಈ ಕಥೆ ಕೇಳುತ್ತಿದ್ದ, ಅವನಿಗೆ ಆಶ್ರಯ ಕೊಟ್ಟ ಫಿಯೇಕಿಯನ್ನರ ಸಭೆ ಮಾತಿಲ್ಲದೆ ಕೂರುತ್ತದೆ. ನೀವೂ ಅಲ್ಲಿಯೇ ಕಾಫಿಗೆ ಏಳಿ.

ತಾಯಿಯ ಮಾತಿನಲ್ಲಿ ಒಂದು ಸಂಗತಿ ಕಣ್ತಪ್ಪುತ್ತದೆ. ನಿನ್ನ ಹೆಂಡತಿ ಪೆನೆಲೊಪೆ ಅಳುತ್ತ ಕಾದಿದ್ದಾಳೆ, ಮಗ ಟೆಲಿಮೇಕಸ್ ನೆಮ್ಮದಿಯಿಂದ ಆಸ್ತಿ ನೋಡಿಕೊಳ್ಳುತ್ತಿದ್ದಾನೆ ಎನ್ನುತ್ತಾಳೆ. ಮನೆಯಲ್ಲಿ ತಿಂದು ಕೂತವರ ಸುದ್ದಿಯೇ ಇಲ್ಲ. ಲೆಕ್ಕ ಹಾಕಿ: ಇದಾದ ಮೇಲೆ ಒಡಿಸಿಯಸ್ ಕಲಿಪ್ಸೊ ದ್ವೀಪದಲ್ಲಿ ಏಳು ವರ್ಷ ಇರಬೇಕು. 2ನೇ ಸಂಧಿಯ 89ನೇ ಸಾಲಿನ ಪ್ರಕಾರ ಆ ಗಂಡುಗಳ ಕಾಟ ಇನ್ನೂ ನಾಲ್ಕನೇ ವರ್ಷಕ್ಕೆ ಕಾಲಿಡುತ್ತಿದೆ. ಆದ್ದರಿಂದ ಟೈರೀಸಿಯಸ್ ಹೇಳಿದ್ದು ಇನ್ನೂ ಹುಟ್ಟದ ಸಂಕಟ, ತಾಯಿ ಹೇಳಿದ್ದು ಈಗಿನದು. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿಲ್ಲ.

206ನೇ ಸಾಲಿನಿಂದ ಮೂರು ಸಲ ಅಪ್ಪಿಕೊಳ್ಳಲು ಹೋಗುತ್ತಾನೆ, ಮೂರು ಸಲವೂ ನೆರಳಂತೆ, ಕನಸಿನಂತೆ ಜಾರುತ್ತಾಳೆ. ಇಲ್ಲಿ ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ಪಕ್ಕಕ್ಕಿಡಬಹುದು: ವ್ಯಾಸರು ಗಂಗೆಯಿಂದ ಸತ್ತ ಯೋಧರನ್ನು ಒಂದು ರಾತ್ರಿಗೆ ಎಬ್ಬಿಸುತ್ತಾರೆ, ಹಗೆ ಮರೆತು ಎಲ್ಲರೂ ಸೇರುತ್ತಾರೆ. ಕುಮಾರವ್ಯಾಸನಲ್ಲಿ ಹುಡುಕಬೇಡಿ, ಅವನದು ಮೊದಲ ಹತ್ತು ಪರ್ವ. ಮುಂದಿನದು ತಿಮ್ಮಣ್ಣ ಕವಿಯದು.

ಐದನೆಯದು: ಕಾಲಜ್ಞಾನಿಗಳಲ್ಲದ ಸತ್ತವರು

385ರಿಂದ 567. ಟ್ರಾಯಿಯಲ್ಲಿ ಗ್ರೀಕರ ಸೇನಾಪತಿಯಾಗಿದ್ದ ಅಗಮೆಮ್ನಾನ್ ಬುದ್ಧಿ ಹೇಳುತ್ತಾನೆ: ಹೆಂಡತಿಗೆ ಎಲ್ಲವನ್ನೂ ಹೇಳಬೇಡ, ಹಡಗನ್ನು ಗುಟ್ಟಾಗಿ ದಡಕ್ಕೆ ತಾ. ನಡುವೆ, ಪೆನೆಲೊಪೆ ಅಂಥವಳಲ್ಲ ಎಂದೂ ಅವನೇ ಹೇಳುತ್ತಾನೆ. ಅದು ಹೆಂಡತಿಯಿಂದ ಸತ್ತವನ ಗಾಯ ಆಡಿಸಿದ ಮಾತು. ಮರುಕ್ಷಣ ತನ್ನ ಮಗ ಓರೆಸ್ಟಿಸ್ ಎಲ್ಲಿದ್ದಾನೆ ಎಂದು ಒಡಿಸಿಯಸನನ್ನೇ ಕೇಳುತ್ತಾನೆ. ಅಕಿಲೀಸನೂ ತಂದೆ, ಮಗನ ಸುದ್ದಿ ಕೇಳುತ್ತಾನೆ. ಸತ್ತ ಮಾತ್ರಕ್ಕೆ ಎಲ್ಲ ತಿಳಿಯುವುದಿಲ್ಲ ಎಂಬುದನ್ನು ಖಾತೆಯಲ್ಲಿ ಬೇರೆ ಪುಟದಲ್ಲಿ ಬರೆಯಿರಿ: ಯಾರಿಗೆ ಏನು ಗೊತ್ತು.

ಅಕಿಲೀಸನ 488ರಿಂದ 491ನ್ನು ಓದುವ ಮುಂಚೆ, ಆಗುವುದಾದರೆ ಹಳೇಬೀಡು, ಬೇಲೂರಿನ ಸುತ್ತ ಒಂದು ವೀರಗಲ್ಲು ನೋಡಿ ಬನ್ನಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಮಾತು ಎಷ್ಟೋ ಕಲ್ಲುಗಳ ಮೇಲಿದೆ: ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ. ಅದನ್ನು ಕಿವಿಯಲ್ಲಿಟ್ಟುಕೊಂಡು ಅಕಿಲೀಸನನ್ನು ಕೇಳಬೇಕು. ಸತ್ತವರೆಲ್ಲರ ದೊರೆಯಾಗುವುದಕ್ಕಿಂತ ತನಗೇ ಹೊಟ್ಟೆಗಿಲ್ಲದ ಬಡವನ ಹೊಲದಲ್ಲಿ ಕೂಲಿಯಾಗಿ ಬದುಕುವುದು ಮೇಲು, ಎನ್ನುತ್ತಾನೆ ಗ್ರೀಕರ ಮೊದಲ ವೀರ.

ಅಕಿಲೀಸನ ಆಯುಧಗಳಿಗಾಗಿ ಒಡಿಸಿಯಸನೊಡನೆ ಸೆಣಸಿ ಸೋತು ಸತ್ತ ಏಯಾಸನ ಪಾತ್ರವನ್ನೂ ಒಬ್ಬರಿಗೆ ಕೊಡಿ. ಅವನಿಗೆ ಒಂದು ಮಾತೂ ಇಲ್ಲ. ಒಡಿಸಿಯಸ್ ಬೇಡಿಕೊಳ್ಳುವಷ್ಟು ಹೊತ್ತು ಎದ್ದು ನಿಂತಿದ್ದು, 563ನೇ ಸಾಲಿಗೆ ಮುಖ ತಿರುಗಿಸಿ ಕೋಣೆಯಿಂದ ಹೊರಗೆ ನಡೆಯಬೇಕು.

ಆರನೆಯದು: ಲೆಕ್ಕ ತೀರುವುದು, ತೀರದಿರುವುದು

12ನೇ ಸಂಧಿಯ 127ರಿಂದ 141 ಮೊದಲು. ಸರ್ಸಿ ಎಣಿಸುತ್ತಾಳೆ: ಏಳು ದನದ ಹಿಂಡು, ಏಳು ಕುರಿಯ ಹಿಂಡು, ಒಂದೊಂದರಲ್ಲಿ ಐವತ್ತು. 350 ದನ, 350 ಕುರಿ, ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಕಡೆಯ ಸಾಲುಗಳು ಟೈರೀಸಿಯಸನ ಷರತ್ತಿನ ಪುನರುಕ್ತಿ. ಆಮೇಲೆ 260ರಿಂದ 425. ಸಂಗಡಿಗರಿಂದ ಆಣೆ ಹಾಕಿಸಿಕೊಂಡ ಮೇಲೂ ಒಂದು ತಿಂಗಳು ತೆಂಕಣ ಗಾಳಿ ನಿಲ್ಲುವುದಿಲ್ಲ, ದವಸ ತೀರುತ್ತದೆ. ಪ್ರಾರ್ಥನೆಗೆ ಹೋದ ಒಡಿಸಿಯಸನಿಗೆ 338ನೇ ಸಾಲಿನಲ್ಲಿ ದೇವರು ನಿದ್ದೆ ಸುರಿಯುತ್ತಾರೆ. ಆ ಹೊತ್ತಿಗೆ ಸಂಗಡಿಗ ಯೂರಿಲೋಕಸ್ ಉಳಿದವರಿಗೆ ಹಸಿವಿನ ಸಾವಿಗಿಂತ ಕಡಲಿನ ಸಾವು ಮೇಲು ಎಂದು ಒಪ್ಪಿಸುತ್ತಾನೆ. ಹಸಿವಿನ ಮುಂದೆ ಅವನ ಮಾತು ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ, ಅದನ್ನು ದುಷ್ಟನ ದನಿಯಲ್ಲಿ ಓದಬೇಡಿ. ಖಾತೆಯಲ್ಲಿ ಎರಡಾಗಿ ಒಡೆದ ಮನೆಗೆ ಈಗ ಬನ್ನಿ: ಒಂದರ ಮುಂದೆ ‘ಉಳಿಸಿಕೊಂಡ’, ಇನ್ನೊಂದರ ಮುಂದೆ ‘12, 338’.

ಬೇರೆಯವರ ಹಡಗು 13ನೇ ಸಂಧಿಯಲ್ಲಿ ತೀರುತ್ತದೆ, ಫಿಯೇಕಿಯನ್ನರು ಮಲಗಿದವನನ್ನೇ ತಂದು ಇಥಾಕಾದ ದಡದಲ್ಲಿ ಇಳಿಸುತ್ತಾರೆ. ಸೇಡು 22ರಲ್ಲಿ.

ಇನ್ನು ಸಲಿಕೆ. ಕಡಲನ್ನೇ ಕಾಣದ, ಊಟಕ್ಕೆ ಉಪ್ಪು ಬೆರೆಸದ ಜನರ ನಾಡು ಸಿಗುವವರೆಗೆ ಹುಟ್ಟು ಹೊತ್ತು ನಡೆ ಎಂದಿದ್ದ ಟೈರೀಸಿಯಸ್. ಎದುರಾದ ದಾರಿಹೋಕನೊಬ್ಬ ಅದನ್ನು ಕಂಡು ಹೊಟ್ಟು ತೂರುವ ಸಾಧನ ಎನ್ನುತ್ತಾನೆ. ಅದೇ ಗುರುತು, ಅಲ್ಲಿ ಹುಟ್ಟನ್ನು ನೆಲಕ್ಕೆ ನೆಟ್ಟು ಪೊಸೈಡನನಿಗೆ ಟಗರು, ಹೋರಿ, ಗಂಡುಹಂದಿ ಕೊಡಬೇಕು. ಇದನ್ನು ‘ಮೊರ’ ಎಂದು ಕನ್ನಡಿಸಿದರೆ ಗುರುತೇ ಸುಳ್ಳಾಗುತ್ತದೆ. ಹೆಗಲ ಮೇಲಿನ ಹುಟ್ಟನ್ನು ಕಂಡು ಯಾರೂ ಮೊರ ಎನ್ನಲಾರರು. ಗ್ರೀಕರು ಕಣದಲ್ಲಿ ತೂರುತ್ತಿದ್ದುದು ಉದ್ದ ಹಿಡಿಯ ಮರದ ಸಲಿಕೆಯಿಂದ. ತಂದ ಸಲಿಕೆಯನ್ನು ಒಬ್ಬರು ಹೆಗಲ ಮೇಲಿಟ್ಟು ನಿಲ್ಲಲಿ, ಮಾತು ತಾನಾಗಿ ತಿಳಿಯುತ್ತದೆ. ಕನ್ನಡದ ‘ಹುಟ್ಟು’ ಕೂಡ ಇಂಥದೇ ಪದ, ದೋಣಿಯವನಿಗೆ ನೀರು ತಳ್ಳುವ ಸಾಧನ, ಅಡುಗೆಮನೆಯಲ್ಲಿ ಮರದ ಸೌಟು.

ಸಾವಿನ ಸಾಲಿನಲ್ಲಿ ಗ್ರೀಕಿನ ‘ಎಕ್ಸ್ ಹಲೋಸ್’ ಕಡಲಿಂದ ಬರುವ ಸಾವು ಎಂದೂ ಆಗುತ್ತದೆ, ಕಡಲಿಂದ ಆಚೆಗೆ ಎಂದೂ ಆಗುತ್ತದೆ. ‘ಕಡಲಿಂದ’ ಎಂದಷ್ಟೇ ಓದಿ, ‘ದೂರ’ ಎಂದು ಸೇರಿಸಬೇಡಿ. ಕಳೆದುಹೋದ ಟೆಲಿಗೊನಿ ಎಂಬ ಕಾವ್ಯದ ಸಾರಾಂಶದಲ್ಲಿ, ಸರ್ಸಿಯಲ್ಲಿ ಹುಟ್ಟಿದ ಮಗ ಕಡಲು ದಾಟಿ ಬಂದು ತಂದೆಯೆಂದು ತಿಳಿಯದೆ ಕೊಲ್ಲುತ್ತಾನೆ. ಅದನ್ನು ತಿಳಿದಿರಿ, ಒಡಿಸ್ಸಿಯೊಳಕ್ಕೆ ತುರುಕಬೇಡಿ.

ಕಡೆಗೆ 23ನೇ ಸಂಧಿಯ 248ರಿಂದ 287. ಇಪ್ಪತ್ತು ವರ್ಷದ ನಂತರ ಸೇರಿದ ಇರುಳು, ಹಾಸಿಗೆಗೆ ಹೋಗುವ ಮುಂಚೆಯೇ ಒಡಿಸಿಯಸ್ ಇನ್ನೊಂದು ಪಯಣ ಬಾಕಿ ಇದೆ ಎಂದುಬಿಡುತ್ತಾನೆ. ಪೆನೆಲೊಪೆ ಏನೆಂದು ಕೇಳುತ್ತಾಳೆ. ಹೆಂಡತಿಗೆ ಎಲ್ಲ ಹೇಳಬೇಡ ಎಂದ ಅಗಮೆಮ್ನಾನನ ಬುದ್ಧಿಯನ್ನು ಬದಿಗಿಟ್ಟು ಅವನು ಟೈರೀಸಿಯಸನ ಮಾತನ್ನು ಹೆಚ್ಚು ಕಡಿಮೆ ಅಕ್ಷರಶಃ ಒಪ್ಪಿಸುತ್ತಾನೆ. ಇದನ್ನು ಮೂರನೇ ವಾರ ಟೈರೀಸಿಯಸನಾಗಿ ಓದಿದವರು ಓದಬಾರದು, ಒಡಿಸಿಯಸನಾದವರೇ ಓದಬೇಕು, ದನಿ ತಗ್ಗಿಸಿ. ದೇವರು ಮುಪ್ಪನ್ನಾದರೂ ಚೆನ್ನಾಗಿ ಕೊಟ್ಟರೆ ಕಷ್ಟ ಕಳೆಯುವ ಭರವಸೆ ಇದೆ, ಎನ್ನುತ್ತಾಳೆ ಪೆನೆಲೊಪೆ. ಅವಳ ಮಾತಿನಲ್ಲೂ ಒಂದು ‘ರೆ’ ಇದೆ. ಅಲ್ಲಿಗೆ ಓದು ನಿಲ್ಲಿಸಿ. ಖಾತೆಯ ಕೊನೆಯ ಮೂರು ಮನೆಗಳ ಮುಂದೆ, ಪಯಣ, ಬಲಿ, ಸಾವು, ಏನನ್ನೂ ತುಂಬಬೇಡಿ.